ಬ್ಯಾಟರಿ ಕಿತ್ತು ಬಿಸಾಕುವ ಮುಂಚೆ

ಗಣಪತಿ ಬಿಟ್ಟ ಮೂರನೇ ದಿನ ಅಕ್ಕನ ಮಗ ಅಂಗಡಿಗೆ ಬಂದ. ಬೆನ್ನಿಗೆ ಬೇಸ್ ಗಿಟಾರಿನ ಬ್ಯಾಗು. ಮುಖ ಹುಳ್ಳಗಿತ್ತು.

"ಮಾಮ, ಇದರೊಳಗಿನ ಬ್ಯಾಟರಿ, ಸರ್ಕ್ಯೂಟು ಎಲ್ಲ ಕಿತ್ತು ಬಿಸಾಕಿ. ಪ್ಯಾಸಿವ್ ಮಾಡಿಕೊಡಿ. ಸಾಕಾಗಿ ಹೋಗಿದೆ."

ಆಗಿದ್ದು ಇಷ್ಟು. ಆಲ್ದೂರು ಕಡೆಯ ಒಂದು ಪೆಂಡಾಲಿನಲ್ಲಿ ಇವರ ಹುಡುಗರ ಆರ್ಕೆಸ್ಟ್ರಾ ಇತ್ತು. ಮೊದಲ ಎರಡು ಹಾಡು ಚೆನ್ನಾಗೇ ಹೋದವು. ಮೂರನೆಯದರ ಪಲ್ಲವಿಯಲ್ಲಿ ಬೇಸ್ ಹರಿದ ಸ್ಪೀಕರಿನ ಥರ ಗೊರಗೊರ ಅಂದಿತು. ಚರಣಕ್ಕೆ ಬರುವಷ್ಟರಲ್ಲಿ ಪೂರ್ತಿ ಬಂದ್. ಕೀಬೋರ್ಡಿನ ಹುಡುಗ ಎಡಗೈಯಲ್ಲಿ ಬೇಸ್ ನುಡಿಸಿ ಹೇಗೋ ಮಾನ ಉಳಿಸಿದನಂತೆ. ಸ್ಟೇಜ್ ಇಳಿದ ಮೇಲೆ ಸಿಕ್ಕಿದವರದ್ದೆಲ್ಲ ಒಂದೇ ಮಾತು: ಆಕ್ಟಿವ್ (ಬ್ಯಾಟರಿ ಇರೋದು) ಅಂದ್ರೆ ಹೀಗೇ, ಪ್ಯಾಸಿವ್ (ಬ್ಯಾಟರಿ ಇಲ್ಲದ್ದು) ಆಗಿದ್ರೆ ಕೈಕೊಡ್ತಿರಲಿಲ್ಲ.

ನಾನೂ ಒಂದು ಕಾಲದಲ್ಲಿ ರಸಮಂಜರಿಗಳಲ್ಲಿ ಬೇಸ್ ನುಡಿಸಿದವನೇ. ಎಂಟು ವರ್ಷ. ಈಗ ಚಿಕ್ಕಮಗಳೂರಿನಲ್ಲಿ ಟಿವಿ, ಆಂಪ್ಲಿಫೈಯರ್ ರಿಪೇರಿ ಅಂಗಡಿ. ನನ್ನ ಹಳೇ ಬೇಸ್ ಪ್ಯಾಸಿವ್. ಹಾಗಾಗಿ ಸರ್ಕ್ಯೂಟ್ ಕೀಳುವುದಕ್ಕೆ ನನಗೂ ಖುಷಿಯೇ ಇತ್ತು. ಆದರೆ ಏನು ಕೆಟ್ಟಿದೆ ಅಂತ ಗೊತ್ತಾಗದೆ ಕೀಳುವುದಕ್ಕೆ ಕೈ ಬರಲಿಲ್ಲ. ಬಿಟ್ಟು ಹೋಗು, ನೋಡ್ತೀನಿ ಅಂದೆ.

ಬಿಚ್ಚಿದ ದಿನ

ಬ್ಯಾಗಿನ ಜಿಪ್ ತೆಗೆದರೆ ಬೂಷ್ಟಿನ ವಾಸನೆ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೇ ಬೂಷ್ಟು ಹಿಡಿಯುವಾಗ ಗಿಟಾರ್ ಬ್ಯಾಗು ಯಾವ ಲೆಕ್ಕ. ಅಕ್ಕ ಇದನ್ನು ಬೆಚ್ಚಗಿರಲಿ ಅಂತ ಬಚ್ಚಲೊಲೆಯ ಹತ್ತಿರದ ಗೋಡೆಗೆ ನೇತು ಹಾಕುತ್ತಿದ್ದಳಂತೆ. ಒಂದು ಕಡೆ ಬೆಂಕಿಯ ಕಾವು, ಇನ್ನೊಂದು ಕಡೆ ಹಂಡೆಯ ಹಬೆ. ಗಿಟಾರಿನ ಕತ್ತು ಇನ್ನೂ ನೆಟ್ಟಗಿದ್ದದ್ದೇ ಪುಣ್ಯ. ಫೋನ್ ಮಾಡಿ ಹೇಳಿದ್ದಕ್ಕೆ, "ನಿನ್ನ ಮಾತು ಕೇಳಿದ್ರೆ ಬಟ್ಟೆನೂ ಒಣಗಲ್ಲ ಕಣೋ" ಅಂದಳು.

ಬೇಸ್ ಜಾಸ್ತಿ ಬೆಲೆಯದ್ದಲ್ಲ. ಜಾಝ್ ಬೇಸ್ ನಮೂನೆಯದ್ದು. ತಂತಿಯ ನಡುಕವನ್ನು ಹಿಡಿಯುವ ಎರಡು ಸಿಂಗಲ್ ಕಾಯಿಲ್ ಪಿಕಪ್, ನಾಲ್ಕು ನಾಬ್: ವಾಲ್ಯೂಮ್, ಎರಡು ಪಿಕಪ್ಪನ್ನು ಬೆರೆಸುವ ಬ್ಲೆಂಡ್, ದಪ್ಪ ಸದ್ದಿಗೆ ಬೇಸ್, ಚುರುಕು ಸದ್ದಿಗೆ ಟ್ರೆಬಲ್. ಹಿಂದೆ 9 ವೋಲ್ಟ್ ಬ್ಯಾಟರಿಗೆ ಸಣ್ಣ ಗೂಡು.

ಮೊದಲು ಬ್ಯಾಟರಿಗೆ ಮೀಟರ್ ಹಿಡಿದೆ. 5.8 ವೋಲ್ಟ್. ಗೊರಗೊರದ ಕಾರಣ ಅಲ್ಲೇ ಸಿಕ್ಕಿತು. ಬ್ಯಾಟರಿ ಇಳಿದಂತೆ ಒಳಗಿನ ಆಂಪ್ಲಿಫೈಯರಿಗೆ ಜಾಗ ಸಾಲುವುದಿಲ್ಲ. ದಪ್ಪ ತಂತಿಯನ್ನು ಜೋರಾಗಿ ಮೀಟಿದರೆ ಅಲೆಯ ತಲೆ, ಬುಡ ಎರಡೂ ಕತ್ತರಿಸಿ ಹೋಗುತ್ತವೆ. ಹೊಸ ಬ್ಯಾಟರಿ ಹಾಕಿದೆ. ಶಬ್ದ ಸರಿಯಾಯಿತು. ಕೇಬಲ್ಲಿನ ಪಿನ್ನನ್ನು ಸ್ವಲ್ಪ ಅಲ್ಲಾಡಿಸಿದೆ. ಬಂದ್. ಮತ್ತೆ ಅಲ್ಲಾಡಿಸಿದೆ. ಬಂತು. ಅಂದರೆ ರೋಗ ಎರಡು.

ಆಕ್ಟಿವ್ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಆನ್-ಆಫ್ ಸ್ವಿಚ್ ಇರುವುದಿಲ್ಲ. ಕೇಬಲ್ಲಿನ ಪಿನ್ ಚುಚ್ಚುವ ಜ್ಯಾಕೇ ಸ್ವಿಚ್ಚು. ಸ್ಟೀರಿಯೋ ಜ್ಯಾಕ್ ಹಾಕಿರುತ್ತಾರೆ, ಬ್ಯಾಟರಿಯ ಮೈನಸ್ ವೈರನ್ನು ಅದರ ರಿಂಗ್ ಪತ್ತಿಗೆ ಕೊಟ್ಟಿರುತ್ತಾರೆ. ಮಾಮೂಲಿ ಮೋನೋ ಪಿನ್ ಚುಚ್ಚಿದಾಗ ಅದರ ಉದ್ದನೆಯ ಲೋಹದ ಮೈ ರಿಂಗ್ ಪತ್ತಿಯನ್ನೂ ಗ್ರೌಂಡನ್ನೂ ಒಂದು ಮಾಡುತ್ತದೆ. ಬ್ಯಾಟರಿ ಆನ್. ಪಿನ್ ಕಿತ್ತರೆ ಆಫ್. ಜಾಣ ಉಪಾಯ. ಆದರೆ ಈ ಜ್ಯಾಕಿನ ರಿಂಗ್ ಪತ್ತಿ ಹಸಿರು ಕಿಲುಬು ಹಿಡಿದು, ಬಿಗಿ ಕಳೆದುಕೊಂಡು ಜೋತುಬಿದ್ದಿತ್ತು. ಉಗುರಿನಿಂದ ಒತ್ತಿದರೆ ವಾಪಸ್ ಬರಲೇ ಇಲ್ಲ.

ಹೀಗೆ ಮೊದಲ ಅರ್ಧ ಗಂಟೆಯಲ್ಲೇ ಕೇಸು ಬಗೆಹರಿಯಿತು. ಕೈಕೊಟ್ಟಿದ್ದು ಸರ್ಕ್ಯೂಟ್ ಅಲ್ಲವೇ ಅಲ್ಲ. ಹೊಸ ಜ್ಯಾಕ್, ಹೊಸ ಬ್ಯಾಟರಿ ಹಾಕಿ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಂಜೆ ಬಂದ ಹುಡುಗ ಕೇಳಲಿಲ್ಲ. "ಆದ್ರೂ ಪ್ಯಾಸಿವ್ ಸೌಂಡೇ ಒರಿಜಿನಲ್ ಅಲ್ವಾ ಮಾಮ?"

ಈ ಪ್ರಶ್ನೆಗೆ ಮೂವತ್ತು ವರ್ಷದಿಂದ ನಾನು ತಲೆಯಾಡಿಸಿಕೊಂಡೇ ಬಂದಿದ್ದೇನೆ. ಸರಿ, ಒಂದು ಸಲ ನೋಡೇಬಿಡೋಣ ಅನಿಸಿತು.

ಯಾವುದು ಆಕ್ಟಿವ್, ಯಾವುದು ಪ್ಯಾಸಿವ್

ಸ್ವಲ್ಪ ಬುಡದಿಂದ ಹೇಳುತ್ತೇನೆ. ಪಿಕಪ್ ಅಂದರೆ ಮ್ಯಾಗ್ನೆಟ್, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದರೆ ಕಾಯಿಲಿನಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಪ್ಯಾಸಿವ್ ಬೇಸ್‌ನಲ್ಲಿ ಅದು 250 ಕೆ (ಕಿಲೋ ಓಮ್) ವಾಲ್ಯೂಮ್ ಕಂಟ್ರೋಲ್ ದಾಟಿ ಸೀದಾ ಜ್ಯಾಕಿಗೆ ಹೋಗುತ್ತದೆ. ಟೋನ್ ನಾಬ್ ಅಂದರೆ ಇನ್ನೊಂದು 250 ಕೆ, ಜೊತೆಗೆ 47 ನ್ಯಾನೋಫ್ಯಾರಡ್ ಕೆಪಾಸಿಟರ್. ಅದು ಟ್ರೆಬಲ್ ಕಡಿಮೆ ಮಾಡಬಲ್ಲದು, ಅಷ್ಟೇ. ಇಲ್ಲದ್ದನ್ನು ಕೂಡಿಸಲಾರದು. ಆಕ್ಟಿವ್‌ನಲ್ಲಿ ಮಧ್ಯೆ ಬ್ಯಾಟರಿಯಿಂದ ನಡೆಯುವ ಸಣ್ಣ ಪ್ರೀಆಂಪ್ ಇರುತ್ತದೆ. ಅದು ಬೇಸ್, ಟ್ರೆಬಲ್ ಎರಡನ್ನೂ ಏರಿಸುತ್ತದೆ, ಇಳಿಸುತ್ತದೆ.

ಆಕ್ಟಿವ್ ಬೇಸ್ ಅಂದರೆ ಪಿಕಪ್ಪೇ ಬೇರೆ ಅಂದುಕೊಳ್ಳುವವರು ಬಹಳ. ಕೆಲವಕ್ಕೆ ಹಾಗಿರುತ್ತದೆ. ಆದರೆ ಈ ಹುಡುಗನ ಬೇಸಿನ ಥರದವುಗಳಲ್ಲಿ ಪಿಕಪ್ ಮಾಮೂಲಿಯದ್ದೇ. ಅದರ ಹಿಂದೆ ಒಂದು ಬೋರ್ಡು ಕೂರಿಸಿರುತ್ತಾರೆ, ಅಷ್ಟೇ.

ಇನ್ನೊಂದು ಮಜಾ ಇದೆ. 1951ರಲ್ಲಿ ಪ್ರಿಸಿಷನ್ ಬೇಸ್, 1960ರಲ್ಲಿ ಜಾಝ್ ಬೇಸ್, ಎರಡೂ ಬ್ಯಾಟರಿ ಇಲ್ಲದವು, ಬಂದದ್ದು ಲಿಯೋ ಫೆಂಡರ್ ಕಂಪನಿಯಿಂದ. 1976ರಲ್ಲಿ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬಂತು, ಒಳಗೆ ಪ್ರೀಆಂಪ್ ಇಟ್ಟುಕೊಂಡು. ಅದರ ಹಿಂದೆಯೂ ಇದೇ ಲಿಯೋ ಫೆಂಡರ್. ಪ್ಯಾಸಿವ್ ಪಾರ್ಟಿಯವರೂ ಆಕ್ಟಿವ್ ಪಾರ್ಟಿಯವರೂ ಒಂದೇ ದೇವರ ಫೋಟೋ ಇಟ್ಟುಕೊಂಡು ಜಗಳ ಆಡುತ್ತಿದ್ದಾರೆ.

ಭಾನುವಾರದ ಪರೀಕ್ಷೆ

ಭಾನುವಾರ ಅಂಗಡಿ ಮುಚ್ಚಿ, ಅರ್ಧ ಶಟರ್ ಎಳೆದು ಕೂತೆವು. ಹೊಸ ಜ್ಯಾಕ್ ಆಗಲೇ ಹಾಕಿದ್ದೆ. ಪ್ರೀಆಂಪಿನ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಬಿಡಿಸಿ, ಮೊಸಳೆ ಕ್ಲಿಪ್ ಹಾಕಿದ ವೈರ್‌ಗಳಿಂದ ಒಮ್ಮೆ ಪ್ರೀಆಂಪ್ ಮೂಲಕ, ಒಮ್ಮೆ ಸೀದಾ ಜ್ಯಾಕಿಗೆ ಕೊಡುವ ಹಾಗೆ ಮಾಡಿಕೊಂಡೆ. ಆಕ್ಟಿವ್ ಇದ್ದಾಗ ಶಬ್ದ ಸ್ವಲ್ಪ ಜಾಸ್ತಿ ಬರುತ್ತಿತ್ತು. ಜೋರಾಗಿರುವುದೇ ಚೆನ್ನಾಗಿದೆ ಅನ್ನುವುದು ಕಿವಿಯ ಸ್ವಭಾವ. ಬೋರ್ಡಿನ ಮೇಲೆ ಗೇನ್ ಪ್ರೀಸೆಟ್ ಒಂದಿತ್ತು. ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿ ಎರಡನ್ನೂ ಸಮ ಮಾಡಿದೆ. ಬೇಸ್, ಟ್ರೆಬಲ್ ನಾಬ್ ಎರಡೂ ನಡುವಿನ ಕಚ್ಚಿನಲ್ಲಿ.

ಮೊದಲು ನನ್ನ ಹಳೇ ಬೇಸ್ ಆಂಪ್. ಇನ್‌ಪುಟ್ಟಿನ ಇಂಪೆಡೆನ್ಸ್, ಅಂದರೆ ಸಿಗ್ನಲ್ಲಿಗೆ ಅದು ಒಡ್ಡುವ ತಡೆ, 1 ಮೆಗಾ ಓಮ್. ಮೂರು ಮೀಟರ್ ಕೇಬಲ್. ಹುಡುಗ ಗೋಡೆಗೆ ಮುಖ ಮಾಡಿ ನಿಂತ. ನಾನು ಒಂದೇ ಸಾಲನ್ನು ನುಡಿಸುತ್ತಾ ಹತ್ತು ಸಲ ಅತ್ತಿತ್ತ ಬದಲಾಯಿಸಿದೆ. ಯಾವುದು ಯಾವುದು ಹೇಳಬೇಕು. ಆರು ಸರಿ, ನಾಲ್ಕು ತಪ್ಪು. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಜಾಗ ಬದಲಾಯಿಸಿ ನಾನು ನಿಂತೆ. ಐದು ಸರಿ. ಮೂವತ್ತು ವರ್ಷ ತಲೆಯಾಡಿಸಿದ್ದು ದಂಡ.

ಕೇಬಲ್ ಹತ್ತು ಮೀಟರಿನದ್ದು ಹಾಕಿದಾಗ ಮಾತ್ರ ವ್ಯತ್ಯಾಸ ಮೆಲ್ಲಗೆ ತಲೆ ಹಾಕಿತು. ಕೇಬಲ್ ಅಂದರೇ ಒಂದು ಕೆಪಾಸಿಟರ್, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಪಿಕಪ್ ಕಾಯಿಲಿನ ಇಂಡಕ್ಟೆನ್ಸ್ (ವೇಗದ ಏರಿಳಿತಕ್ಕೆ ಅಡ್ಡ ಬರುವ ಗುಣ) 3.5 ಹೆನ್ರಿ ಅಂತ ಹಿಡಿಯಿರಿ. ಎರಡೂ ಸೇರಿ ಒಂದು ಕಡೆ ಸಣ್ಣ ಗುಡ್ಡದ ಹಾಗೆ ಎದ್ದು ಆಮೇಲೆ ಜಾರುತ್ತವೆ. ಮೂರು ಮೀಟರಿಗೆ ಆ ಗುಡ್ಡ 4,900 ಹರ್ಟ್ಸ್ ಆಸುಪಾಸು. ಹತ್ತು ಮೀಟರಿಗೆ 2,700ರ ಹತ್ತಿರಕ್ಕೆ ಇಳಿಯುತ್ತದೆ. ಪ್ಯಾಸಿವ್ ಸ್ವಲ್ಪ ದುಂಡಗಾಯಿತು. ಕೆಟ್ಟದಾಯಿತು ಅಂತ ಹೇಳಲಾರೆ, ನನಗೆ ಅದೇ ಹಿಡಿಸಿತು. ಆಕ್ಟಿವ್‌ಗೆ ಕೇಬಲ್ಲಿನ ಉದ್ದ ಲೆಕ್ಕಕ್ಕೇ ಇಲ್ಲ.

ಆಮೇಲೆ ರಿಪೇರಿಗೆ ಬಂದು ಮಾಲೀಕರು ವಾಪಸ್ ಒಯ್ಯದೆ ಬಿಟ್ಟಿದ್ದ ಹಳೇ ಮಿಕ್ಸರ್ ಒಂದನ್ನು ಧೂಳು ಒರೆಸಿ ಇಳಿಸಿದೆ. ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ ನಡೆಯುವುದೇ ಹೀಗೆ ತಾನೆ. ಬೇಸಿಗೆ ಬೇರೆ ಆಂಪ್ ಎಲ್ಲಿಂದ ಬರಬೇಕು? ಮೈಕ್‌ಸೆಟ್‌ನವರು "ಬೇಸ್ ಕೊಡಪ್ಪಾ" ಅಂತ ವೈರ್ ಇಸಿದುಕೊಂಡು ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಚುಚ್ಚುತ್ತಾರೆ. ಆ ಇನ್‌ಪುಟ್ ಇಂಪೆಡೆನ್ಸ್ ಸುಮಾರು 10 ಕಿಲೋ ಓಮ್. ಕೀಬೋರ್ಡಿಗೆ ಅದು ಧಾರಾಳ. ಪ್ಯಾಸಿವ್ ಬೇಸಿಗೆ?

ಪ್ಯಾಸಿವ್‌ಗೆ ಹಾಕಿ ಮೊದಲ ತಂತಿ ಮೀಟಿದೆ. ಹುಡುಗ ಗೋಡೆ ಕಡೆಯಿಂದ ತಿರುಗಿಯೇಬಿಟ್ಟ. "ಏನಾಯ್ತು ಮಾಮ, ಸ್ಪೀಕರ್ ಮೇಲೆ ಕಂಬಳಿ ಹಾಕಿದ್ರಾ?"

ಹತ್ತಕ್ಕೆ ಹತ್ತೂ ಸರಿ ಹೇಳಿದ. ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಪಿಕಪ್ ಕಾಯಿಲಿನ ರೆಸಿಸ್ಟೆನ್ಸೇ 7.2 ಕಿಲೋ ಓಮ್ ಬಂತು ಮೀಟರಿನಲ್ಲಿ. ಅದರ ಎದುರಿಗೆ ಬರೀ 10 ಕಿಲೋ ಓಮ್ ಇಟ್ಟರೆ ಹುಟ್ಟಿದ ವೋಲ್ಟೇಜಿನಲ್ಲಿ ನೂರಕ್ಕೆ ನಲವತ್ತು ಪಾಲು ದಾರಿಯಲ್ಲೇ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಇಂಡಕ್ಟೆನ್ಸಿನದ್ದು. ಒಂದು ಪಿಕಪ್ ಮಾತ್ರ ಇದ್ದಾಗ 800 ಹರ್ಟ್ಸ್ ಹತ್ತಿರದಿಂದಲೇ ಮೇಲಿನದ್ದೆಲ್ಲ ಇಳಿಯಲು ಶುರುವಾಗುತ್ತದೆ. ದಪ್ಪ ಇ ತಂತಿಯ ಮೂಲ ಸ್ವರ 41 ಹರ್ಟ್ಸ್, ಅದಕ್ಕೇನೂ ಆಗುವುದಿಲ್ಲ. ಆದರೆ ಬೆರಳು ತಂತಿಗೆ ತಾಗುವ ಟಕ್ ಅನ್ನುವ ಸದ್ದು, ಯಾವ ಸ್ವರ ಅಂತ ಕಿವಿಗೆ ಗುರುತು ಹೇಳುವ ಎಳೆಗಳು, ಎಲ್ಲ ಇರುವುದು ಅದರ ಮೇಲೆಯೇ. ಉಳಿಯುವುದು ಬರೀ ಗುಂ ಗುಂ.

ಹುಡುಗನಿಗೆ ಓಮ್ ಲೆಕ್ಕಕ್ಕಿಂತ ತೋಟದ ಲೆಕ್ಕ ಬೇಗ ಹತ್ತುತ್ತದೆ. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೀವಲ್ಲ. ಸಣ್ಣ ಮೋಟರಿಗೆ ಒಂದು ಜೆಟ್ ಕೊಟ್ಟರೆ ನೀರು ಗಿಡದ ತಲೆ ಮೇಲೆ ಹಾರುತ್ತೆ. ಅದೇ ಮೋಟರಿಗೆ ಹತ್ತು ಜೆಟ್ ಸಿಕ್ಕಿಸಿದರೆ ಒಂದೂ ಏಳಲ್ಲ, ಬುಡದಲ್ಲೇ ಸೋರುತ್ತೆ. ಪಿಕಪ್ ಆ ಸಣ್ಣ ಮೋಟರು. ಬೇಸ್ ಆಂಪ್ ಒಂದು ಜೆಟ್ಟು. ಲೈನ್ ಇನ್‌ಪುಟ್ ಹತ್ತಲ್ಲ, ನೂರು ಜೆಟ್ಟು. ಪ್ರೀಆಂಪ್ ಅಂದರೆ ನಡುವೆ ಕೂರಿಸಿದ ಇನ್ನೊಂದು ಮೋಟರು. ಪಿಕಪ್ಪಿನಿಂದ ಹೆಚ್ಚು ಕೇಳುವುದಿಲ್ಲ, ಮುಂದಕ್ಕೆ ಬೇಕಾದಷ್ಟು ತಳ್ಳುತ್ತದೆ.

ಅಂದರೆ ಬ್ಯಾಟರಿಯ ದೊಡ್ಡ ಉಪಕಾರ ಆ ಬೇಸ್-ಟ್ರೆಬಲ್ ನಾಬ್‌ಗಳಲ್ಲಿ ಇಲ್ಲವೇ ಇಲ್ಲ. ಬಗ್ಗದೆ ತಳ್ಳುವ ಶಕ್ತಿಯಲ್ಲಿದೆ. ಆಕ್ಟಿವ್ ಒಳ್ಳೆಯದಾ, ಪ್ಯಾಸಿವ್ ಒಳ್ಳೆಯದಾ ಅಂತ ಬೇಸ್ ನೋಡಿ ಹೇಳುವುದು ಸಾಧ್ಯವಿಲ್ಲ. ವೈರಿನ ಆ ತುದಿಯನ್ನು ಎಲ್ಲಿ ಚುಚ್ಚುತ್ತೀಯ, ಮೊದಲು ಅದನ್ನು ಹೇಳು ಅಂದೆ. ಆಂಪ್ ಇದ್ದರೆ, ಇಲ್ಲವೇ ಬೇಸಿಗೂ ಮಿಕ್ಸರಿಗೂ ನಡುವೆ ಇಡುವ, 1 ಮೆಗಾ ಓಮ್ ಇನ್‌ಪುಟ್ಟಿನ ಆಕ್ಟಿವ್ ಡಿಐ ಬಾಕ್ಸ್ ಇದ್ದರೆ, ಪ್ಯಾಸಿವ್ ರಾಜ. ಡಿಐಗೂ ಮಿಕ್ಸರಿನಿಂದ ಕೇಬಲ್ಲಿನಲ್ಲೇ ಬರುವ 48 ವೋಲ್ಟ್ ಫ್ಯಾಂಟಮ್ ಪವರ್ರೋ ಬ್ಯಾಟರಿಯೋ ಬೇಕು. ಒಟ್ಟಿನಲ್ಲಿ ಎಲ್ಲೋ ಒಂದು ಕಡೆ ಕರೆಂಟು ಬೇಕೇ ಬೇಕು.

ಹುಡುಗ ಸುಮ್ಮನೆ ಕೂತ. ಆಮೇಲೆ, "ಎರಡೂ ಇರೋ ಹಾಗೆ ಮಾಡೋಕಾಗುತ್ತಾ?" ಅಂದ. ಅದನ್ನೇ ಕಾಯುತ್ತಿದ್ದೆ.

ನನ್ನ ಕೈಯಿಂದ ಆದ ಅನಾಹುತ

ಇಲ್ಲೊಂದು ಮುಚ್ಚಿಡಬಾರದ ವಿಷಯ. ಬೋರ್ಡು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೀಟರ್ ಸೀರೀಸಿಗೆ ಹಾಕಿ ನೋಡಿದ್ದೆ. 3 ಮಿಲಿಆಂಪ್. ಬೋರ್ಡಿನಲ್ಲಿದ್ದ ಐಸಿ ಟಿಎಲ್072. ಅದರೊಳಗೆ ಎರಡು ಆಂಪ್ಲಿಫೈಯರ್, ಒಂದೊಂದೂ 1.4 ಮಿಲಿಆಂಪ್ ತಿನ್ನುವುದು ಮಾಮೂಲು, ಹಾಗಾಗಿ ಲೆಕ್ಕ ಸರಿಯಾಗಿತ್ತು. ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ ಇರುವುದು ಸುಮಾರು 500 ಮಿಲಿಆಂಪ್-ಅವರ್. ಭಾಗಿಸಿದರೆ 166 ಗಂಟೆ. ಅಂದರೆ ಏಳು ದಿನ.

"ನುಡಿಸಿ ಆದ ಮೇಲೆ ಪಿನ್ ಕೀಳ್ತೀಯೇನೋ?"

"ಇಲ್ಲ ಮಾಮ, ದಿನಾ ಪ್ರಾಕ್ಟೀಸ್ ಇರುತ್ತಲ್ಲ, ಹಾಗೇ ಬಿಟ್ಟಿರ್ತೀನಿ."

ಈ ಭಾನುವಾರ ಚುಚ್ಚಿದರೆ ಮುಂದಿನ ಭಾನುವಾರಕ್ಕೆ ಬ್ಯಾಟರಿ ಕತೆ ಮುಗಿಯಿತು. ಅವನು ಹಾಕುತ್ತಿದ್ದದ್ದು ಗಡಿಯಾರದವರ ಅಂಗಡಿಯ ಅಗ್ಗದ ಬ್ಯಾಟರಿ, ಅದು ಇನ್ನೂ ಬೇಗ. ಇದನ್ನೆಲ್ಲ ಅವನಿಗೆ ದೊಡ್ಡ ಉಪದೇಶದ ಹಾಗೆ ಹೇಳುತ್ತಾ, ಮಾತಿನ ಭರದಲ್ಲಿ ಬ್ಯಾಟರಿಯ ಕ್ಲಿಪ್ಪನ್ನು ಉಲ್ಟಾ ಒತ್ತಿದೆ. ಸರಿಯಾಗಿ ಕೂರದಿದ್ದರೂ ತಾಗಿದರೆ ಸಾಕಲ್ಲ. ಐಸಿ ಮೇಲೆ ಬೆರಳಿಟ್ಟೆ. ಕಾದ ದೋಸೆ ಕಾವಲಿ. ಕ್ಲಿಪ್ ತಿರುಗಿಸಿ ಸರಿ ಹಾಕಿದರೆ ಜ್ಯಾಕಿನಲ್ಲಿ ಬರೀ ಹಿಸ್. ಸತ್ತಿತ್ತು.

ಹುಡುಗ ನನ್ನ ಮುಖ ನೋಡಿದ. ನಾನು ಡಬ್ಬಿಗಳ ಕಡೆ ನೋಡಿದೆ.

ಅದೃಷ್ಟಕ್ಕೆ ಐಸಿಯನ್ನು ಸಾಕೆಟ್ಟಿನಲ್ಲಿ ಕೂರಿಸಿದ್ದರು. ಎಷ್ಟೋ ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದಿದ್ದ ಐಸಿಗಳ ಡಬ್ಬಿ ಜಾಲಾಡಿದೆ. ಟಿಎಲ್072 ಒಂದೂ ಇಲ್ಲ. ಟಿಎಲ್062 ಎರಡು ಸಿಕ್ಕವು. ಎಂಟೂ ಕಾಲಿನ ಜೋಡಣೆ ಅದೇ. ಕರೆಂಟ್ ಮಾತ್ರ ಒಂದು ಆಂಪ್ಲಿಫೈಯರಿಗೆ 0.2 ಮಿಲಿಆಂಪ್. ಹಾಕಿ ಅಳೆದೆ: ಬೋರ್ಡು ಪೂರ್ತಿ 0.5 ಮಿಲಿಆಂಪ್. ಏಳು ದಿನದ ಬ್ಯಾಟರಿ ಒಂದೇ ಏಟಿಗೆ ನಲವತ್ತು ದಿನಕ್ಕೆ ಹೋಯಿತು, ಪಿನ್ ಕೀಳದೇ ಇದ್ದರೂ. ಇದರಲ್ಲಿ ಹಿಸ್ ಸ್ವಲ್ಪ ಜಾಸ್ತಿ. ಟ್ರೆಬಲ್ ಪೂರ್ತಿ ಏರಿಸಿ ರಾತ್ರಿ ಅಂಗಡಿಯಲ್ಲಿ ಕಿವಿಯಿಟ್ಟರೆ ಕೇಳುತ್ತದೆ. ಪೆಂಡಾಲಿನಲ್ಲಿ ಜನರೇಟರ್ ಪಕ್ಕ ಯಾರು ಕೇಳುತ್ತಾರೆ?

ಬ್ಯಾಟರಿಯ ಪ್ಲಸ್ ವೈರಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್5817 ಡಯೋಡ್ ಸೀರೀಸಿನಲ್ಲಿ ಸೇರಿಸಿದೆ. ಇನ್ನು ಉಲ್ಟಾ ಹಾಕಿದರೂ ಐಸಿ ಸಾಯುವುದಿಲ್ಲ. ಮಾಮೂಲಿ ಡಯೋಡ್ ಹಾಕಿದರೆ 0.7 ವೋಲ್ಟ್ ತಿನ್ನುತ್ತದೆ, ಇದು ಶಾಟ್ಕಿ, ತಿನ್ನುವುದು ಅದರ ಅರ್ಧಕ್ಕಿಂತ ಕಡಿಮೆ. ಈ ಕೆಲಸ ಮೊದಲೇ ಮಾಡಬೇಕಿತ್ತು.

ಎಳೆದರೆ ಪ್ಯಾಸಿವ್

ಹೊಸ ತೂತು ಕೊರೆಯುವುದಕ್ಕೆ ಮನಸ್ಸಿರಲಿಲ್ಲ. ವಾಲ್ಯೂಮ್ ಜಾಗಕ್ಕೆ 250 ಕೆ ಪುಶ್-ಪುಲ್ ಕಂಟ್ರೋಲ್ ತರಿಸಿದೆ. ಮೇಲೆ ಮಾಮೂಲಿ ವಾಲ್ಯೂಮ್, ಅದರ ಹೊಟ್ಟೆಯ ಕೆಳಗೆ ಆರು ಕಾಲಿನ ಸ್ವಿಚ್, ಮೂರು ಮೂರರ ಎರಡು ಸಾಲು. ಎಡ ಸಾಲಿನ ನಡುಗಾಲಿಗೆ ವಾಲ್ಯೂಮಿನಿಂದ ಬರುವ ಸಿಗ್ನಲ್. ಬಲ ಸಾಲಿನ ನಡುಗಾಲಿನಿಂದ ಜ್ಯಾಕಿನ ಟಿಪ್ಪಿಗೆ. ನಾಬ್ ಒತ್ತಿದಾಗ ನಡುಗಾಲಿಗೆ ಕೂಡುವ ಜೋಡಿಯಲ್ಲಿ ಎಡಗಾಲು ಪ್ರೀಆಂಪಿನ ಇನ್‌ಪುಟ್ಟಿಗೆ, ಬಲಗಾಲು ಅದರ ಔಟ್‌ಪುಟ್ಟಿಗೆ. ಎಳೆದಾಗ ಕೂಡುವ ಜೋಡಿಗೆ ಒಂದಕ್ಕೊಂದು ತುಂಡು ವೈರು, ಅಷ್ಟೇ. ನಾಬ್ ಎಳೆದರೆ ಪ್ರೀಆಂಪ್ ಎರಡೂ ಕಡೆಯಿಂದ ಕಳಚಿಕೊಳ್ಳುತ್ತದೆ. ಬ್ಯಾಟರಿ ಸತ್ತರೂ ಹಾಡು ನಿಲ್ಲುವುದಿಲ್ಲ.

ಈ ಸ್ವಿಚ್ಚಿನ ಕಾಲುಗಳ ನಡುವೆ ಅಕ್ಕಿಕಾಳಿನಷ್ಟೂ ಜಾಗವಿಲ್ಲ. ಕನ್ನಡಕ ಹಣೆಗೇರಿಸಿ, ಉಸಿರು ಹಿಡಿದು ಬೆಸುಗೆ ಹಾಕಿದೆ. ಜಾಸ್ತಿ ಹೊತ್ತು ಕಾಯಿಸಿದರೆ ಪ್ಲಾಸ್ಟಿಕ್ ಕರಗಿ ಕಾಲು ಓರೆಯಾಗುತ್ತದೆ. ಒಂದು ಓರೆಯಾಯಿತು ಕೂಡ. ಕೆಲಸ ಮಾಡುತ್ತಿದೆ, ಹಾಗಾಗಿ ಹುಡುಗನಿಗೆ ಹೇಳಿಲ್ಲ.

ಪ್ಯಾಸಿವ್‌ಗೆ ಟೋನ್ ನಾಬ್ ಇಡಲು ಜಾಗ ಉಳಿಯಲಿಲ್ಲ. ಪ್ರೀಆಂಪಿನ ಟ್ರೆಬಲ್ ನಾಬ್ ಅದಕ್ಕೆ ಬರುವುದಿಲ್ಲ. ಇರಲಿ ಬಿಡು, ಕೈಯನ್ನು ಕತ್ತಿನ ಕಡೆ ಸರಿಸಿ ಮೀಟಿದರೆ ದುಂಡಗೆ, ಬ್ರಿಡ್ಜ್ ಕಡೆ ಸರಿಸಿದರೆ ಚುರುಕಾಗಿ ಬರುತ್ತದೆ ಅಂದೆ. ಒಪ್ಪಿದ, ಅರೆಮನಸ್ಸಿನಿಂದ.

ಸರ್ಕ್ಯೂಟ್ ಕೂರುವ ಗೂಡಿನ ಒಳಗೋಡೆಗೆಲ್ಲ ತಾಮ್ರದ ಟೇಪ್ ಅಂಟಿಸಿ ಗ್ರೌಂಡಿಗೆ ಸೇರಿಸಿದೆ. ಒಂದೇ ಪಿಕಪ್ ಇಟ್ಟಾಗ ಬರುತ್ತಿದ್ದ ಗುಯ್ ಸದ್ದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸಿಂಗಲ್ ಕಾಯಿಲಿನ ಹಣೆಬರಹ ಅದು. ಬ್ಲೆಂಡ್ ನಡುವೆ ಇಟ್ಟರೆ ಎರಡೂ ಒಂದರದ್ದೊಂದು ಹೊಡೆದುಹಾಕುತ್ತವೆ.

ಬ್ರಿಡ್ಜಿನ ಕೆಳಗಿನ ಗ್ರೌಂಡ್ ವೈರ್ ನೋಡುವಾಗ ಒಂದು ಹಳೇ ಭಯ ನೆನಪಾಯಿತು. ತಂತಿಗಳೆಲ್ಲ ಈ ವೈರಿನಿಂದ ಮಿಕ್ಸರಿನ ಗ್ರೌಂಡಿಗೆ ಸೇರಿರುತ್ತವೆ. ಪೆಂಡಾಲಿನಲ್ಲಿ ಅರ್ಥ್ ಸರಿಯಿಲ್ಲದಿದ್ದರೆ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವನಿಗೆ ಶಾಕ್. ನಾನು ತಿಂದಿದ್ದೇನೆ. ಇದಕ್ಕೆ ಆಕ್ಟಿವ್, ಪ್ಯಾಸಿವ್ ಭೇದವಿಲ್ಲ. ಹುಡುಗನ ಬ್ಯಾಗಿಗೆ ಒಂದು ಟೆಸ್ಟರ್ ಹಾಕಿದೆ. ಸ್ಟೇಜ್ ಹತ್ತಿದ ಕೂಡಲೇ ಮೈಕಿನ ಜಾಲರಿಗೆ, ತಂತಿಗೆ ಹಿಡಿದು ನೋಡು, ದೀಪ ಹತ್ತಿತೋ, ನುಡಿಸಬೇಡ. ಮೈಕ್‌ಸೆಟ್‌ನವರ ಹತ್ತಿರ ಜಗಳ ಆದರೂ ಪರವಾಗಿಲ್ಲ.

ಆಮೇಲೆ

ಮೊನ್ನೆ ಮೂಡಿಗೆರೆ ಕಡೆ ಒಂದು ಕಾರ್ಯಕ್ರಮಕ್ಕೆ ಹೋಗಿ ಬಂದ. ಮಿಕ್ಸರಿಗೆ ಸೀದಾ ಚುಚ್ಚಿದರಂತೆ, ನಾಬ್ ಒತ್ತಿಯೇ ಇಟ್ಟಿದ್ದನಂತೆ. ಕೊನೇ ಹಾಡಿನಲ್ಲಿ ಸುಮ್ನೆ ನೋಡೋಣ ಅಂತ ಎಳೆದನಂತೆ. ಮಿಕ್ಸರ್ ಹತ್ತಿರ ಕೂತಿದ್ದವನು ಕತ್ತೆತ್ತಿ ನೋಡಿದನಂತೆ. ಮನೆಯಲ್ಲಿ ಆಂಪಿಗೆ ಹಾಕಿದಾಗ ಮಾತ್ರ ಯಾವಾಗಲೂ ಎಳೆದೇ ಇಡುತ್ತಾನೆ. ನಾನೂ ಅವನ ಮನೆಗೆ ಹೋದಾಗ ಹಾಗೇ ನುಡಿಸುತ್ತೇನೆ. ಕಣ್ಣು ಕಟ್ಟಿದರೆ ಯಾವುದು ಯಾವುದು ಅಂತ ಹೇಳಲಾರೆ ಅನ್ನುವುದು ಗೊತ್ತಿದ್ದರೂ.

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಬೇಸ್ ಬಚ್ಚಲೊಲೆ ಬಿಟ್ಟು ಹಜಾರಕ್ಕೆ ಬಂದಿತ್ತು, ಸ್ಟ್ಯಾಂಡಿನ ಮೇಲೆ. ನಾಬ್ ಎಳೆದಿತ್ತು. ಪಿನ್ ಚುಚ್ಚೇ ಇತ್ತು. ಪಿನ್ ಒಳಗಿದ್ದರೆ ಪ್ಯಾಸಿವ್‌ನಲ್ಲಿ ಇಟ್ಟರೂ ಬೋರ್ಡು ಬ್ಯಾಟರಿ ತಿನ್ನುತ್ತಲೇ ಇರುತ್ತದೆ ಅಂತ ಅವನಿಗೆ ಹೇಳಿದ್ದೆ. ಕಾಫಿ ಕುಡಿಯುತ್ತಾ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬ್ಯಾಟರಿ ಹಾಕಿ ಹನ್ನೆರಡು ದಿನ. ಇನ್ನೂ ನಾಲ್ಕು ವಾರ ಎಳೆಯುತ್ತದೆ. ಪಿನ್ ಕಿತ್ತು ಪಕ್ಕಕ್ಕಿಟ್ಟು ಬಂದೆ.